ಜಗ್ಗಿದರೆ ಕೈಗೆ ಬರಬೇಕು

ಆ ಗಂಟು ಹಾಕಿದವನು ನಾನೇ ಎಂದು ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಬೈಗುಳ ಶಾಂತಕ್ಕ ತಿಂದಳು, ನಾನು ಗೋಡೆ ನೋಡುತ್ತ ನಿಂತೆ.

ನನ್ನ ಅಕ್ಕ ಶಾಂತಕ್ಕ ಯಾವ ಬಟ್ಟೆಯನ್ನಾದರೂ ಮೊದಲು ಜಗ್ಗಿ ನೋಡುವವಳು. ಗಂಡ ತೀರಿದ ಮೇಲೆ ಪುಣೆಯ ನಮ್ಮ ಒಂದೇ ಖೋಲಿಯ ಮನೆಗೆ ಬಂದು, ಸೀರೆಗೆ ಫಾಲ್ ಹಚ್ಚುತ್ತ, ನನ್ನ ಎರಡೂವರೆ ವರ್ಷದ ಮಗಳು ಪವಿಯನ್ನು ನೋಡಿಕೊಳ್ಳುತ್ತಿದ್ದಳು. ಅವಳ ಮಗ್ಗುಲಿಗೆ ಸದಾ ಒಂದು ಬುಟ್ಟಿ. ಅದರಲ್ಲಿ ಪವಿಯ ವೇಷಗಳು: ಭಾವನ ಖಾಕಿ ಅಂಗಿ, ಹಳೆಯ ಸೀರೆಯ ಸೆರಗು, ನನ್ನ ರುಮಾಲಿನ ತುಂಡು. ಕಾಲಿಗೆ ತೊಡರದಂತೆ ಕತ್ತರಿಸಿ, ಗುಂಡಿ ಕಿತ್ತು, ಚರ್ರನೆ ಬಿಚ್ಚುವ ಪಟ್ಟಿ ಹೊಲಿದಿದ್ದಳು. ಕೊರಳಿಗೆ ದಾರ ಮಾತ್ರ ಕೂಡದು. “ಜಗ್ಗಿದ್ರ ಕೈಗೆ ಬರಬೇಕು,” ಎನ್ನುತ್ತಿದ್ದಳು.

ತಾನಾಗಿ ಎಂದೂ ತೊಡಿಸುತ್ತಿರಲಿಲ್ಲ. ಬುಟ್ಟಿ ನೆಲಕ್ಕಿಟ್ಟು ಕಾಯುವಳು. ನಾನು ಅವಸರ ಮಾಡಿದರೆ, “ಕೈ ಹಾಕಬ್ಯಾಡೋ ಬಸ್ಯಾ. ತೋಳಿನ್ಯಾಗ ಕಾಲ ತೂರಿಸಿದ್ರೂ ಅಕೀ ಅಂಗಿ ಅದು.” ಪವಿ ಖಾಕಿ ತೊಟ್ಟಳೆಂದರೆ ಅಕ್ಕ ಬಸ್ ಹತ್ತಿದಂತೆ.

“ಕಂಡಕ್ಟರ್ ಸಾಹೇಬ್ರ, ಸ್ವಾರಗೇಟಕ್ಕ ಒಂದ್ ತಿಕೀಟ ಕೊಡ್ರಿ!”

ಪವಿ ಬಟ್ಟೆಚೂರು ಕೊಟ್ಟು, ಬಸ್ಸಿನಲ್ಲಿ ಕೇಳಿದ ಮರಾಠಿಯಲ್ಲಿ “ಪುಢೆ ಚಲಾ!” ಎಂದು ಅತ್ತೆಯನ್ನು ಮುಂದಕ್ಕೆ ನೂಕುವಳು. ಅಕ್ಕ ಕುಂತಲ್ಲೇ ಸರಿದು ಗೋಡೆ ಮುಟ್ಟುವಳು. “ಇನ್ನೆಲ್ಲಿ ಹೋಗ್ಲಿ ಸಾಹೇಬ್ರ, ಡ್ರೈವರನ ತೊಡಿ ಮ್ಯಾಲ ಕುಂದರ್ಲೇನು?”

ಒಂದು ಮಧ್ಯಾಹ್ನ ಅಕ್ಕ ನೀರು ತರಲು ಕೆಳಗಿಳಿದಿದ್ದಳು. ಪವಿಯ ಹೆಗಲಿನಿಂದ ಸೆರಗು ಜಾರುತ್ತಲೇ ಇತ್ತು. ನಾನು ಮಾರ್ಕೆಟ್ ಯಾರ್ಡಿನ ಹಮಾಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನಿಗೆ ಚೆನ್ನಾಗಿ ಬರುವ ವಿದ್ಯೆ ಮೂಟೆಯ ಬಾಯಿ ಕಟ್ಟುವುದೊಂದೇ. ಸುತಳಿ ತಂದು, ಸೆರಗನ್ನು ಕೊರಳ ಬಳಿ ಸೇರಿಸಿ, ಜಗ್ಗಿದರೂ ಬಿಚ್ಚದ ನಮ್ಮ ಹಮಾಲರ ಗಂಟು ಹಾಕಿದೆ. ಫೋನ್ ಬಂತು, ಹೊರಗಿನ ಗ್ಯಾಲರಿಗೆ ಹೋದೆ.

ಒಳಗಿನ ಗದ್ದಲ ಒಮ್ಮೆಲೇ ನಿಂತಿತು.

ತಿರುಗಿ ನೋಡಿದರೆ ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿತ್ತು. ಪವಿಯ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ನಾನು ಫೋನ್ ಕಿವಿಗಿಟ್ಟುಕೊಂಡೇ ನಿಂತಿದ್ದೆ. ಮೆಟ್ಟಿಲೇರಿ ಬಂದ ಅಕ್ಕ ಕೊಡ ಬಿಸಾಕಿ, ಕೂಸನ್ನೆತ್ತಿ ಹಿಡಿದು, ಕತ್ತರಿಯಿಂದ ಸುತಳಿ ಕತ್ತರಿಸಿದಳು. ಪವಿ ಕಿರುಚಿ ಅತ್ತಳು. ಕೊರಳಲ್ಲಿ ಕೆಂಪು ಗೆರೆ.

ಕೆಲಸದಿಂದ ಆಗತಾನೆ ಬಂದ ನನ್ನ ಹೆಂಡತಿ ರೇಖಾ ಕಂಡದ್ದು ಆ ಗೆರೆಯನ್ನು. “ಏನ್ರಿ ಅಕ್ಕಾರ ಇದು? ನಿಮ್ಮ ವೇಷದ ಹುಚ್ಚಿಗೆ ನನ್ನ ಕೂಸು ಹೋಗ್ತಿತ್ತಲ್ರಿ!”

ಅಕ್ಕ ಅಂಗೈಯಲ್ಲಿದ್ದ ಗಂಟನ್ನು ನೋಡಿದಳು. ಆಮೇಲೆ ನನ್ನನ್ನು. ಮುಷ್ಟಿ ಮುಚ್ಚಿ, “ನಾ ನೋಡಬೇಕಿತ್ತವಾ,” ಎಂದಳು.

ಬುಟ್ಟಿ ಕಪಾಟಿನ ಮೇಲೇರಿತು. ಪವಿ ಅದರ ಕೆಳಗೆ ಕೈ ಎತ್ತಿ ನಿಲ್ಲುತ್ತಿದ್ದಳು. ನಾಲ್ಕು ದಿನದ ಮೇಲೆ ಅದನ್ನೂ ಬಿಟ್ಟಳು. ಕೂಸನ್ನು ರೇಖಾ ಪಕ್ಕದ ಮನೆಯಲ್ಲಿ ಬಿಡತೊಡಗಿದಾಗ, ಅಕ್ಕ ಬೈಲಹೊಂಗಲದ ನಾದಿನಿಯ ಮನೆಗೆ ಹೊರಟಳು.

ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಬಸ್ ನಿಂತಿತ್ತು. “ಗಂಟು ಸಡಲ್ಯಾದ, ಕಟ್ಟೋ,” ಎಂದು ತನ್ನ ಅರಿವೆಯ ಗಂಟನ್ನು ನನ್ನತ್ತ ಸರಿಸಿದಳು. ಸುತಳಿ ಸುತ್ತಿದೆ. ಕೈ ತನಗೆ ಗೊತ್ತಿದ್ದುದನ್ನೇ ಮಾಡಿತು. ಅಕ್ಕ ಅಭ್ಯಾಸದಂತೆ ಜಗ್ಗಿದಳು. ಕೈಗೆ ಬರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ರೇಖಾಳ ಸೊಂಟದ ಮೇಲಿದ್ದ ಪವಿ, “ಪುಢೆ ಚಲಾ,” ಎಂದಳು ಮೆಲ್ಲಗೆ.

ಅಕ್ಕನ ಸೆರಗು ಹಿಡಿದೆ.

“ರೇಖಾ, ಅವತ್ತು ಕೂಸಿನ ಕೊರಳಿಗೆ ಕಟ್ಟಿದಾಂವ ನಾನು. ಇದ ಗಂಟು. ಅಕ್ಕಗ ಗೊತ್ತಿತ್ತು... ತಪ್ಪಾತಬೇ ಅಕ್ಕ. ಹೆದರಿ ಸುಮ್ಮನಾದೆ. ನಂದ ತಪ್ಪು.”