ಬೂದು ಸೂಟಿನ ಮನೆ ಅಳಿಯ

ಕೋಟು ಕೊಳ್ಳಲು ಹೋದ ಅಪ್ಪ ಕೋಟಿನ ಜೊತೆಗೆ ಅಳಿಯನನ್ನೂ ಆರಿಸಿಕೊಂಡು ಬಂದರು. ಅಕ್ಕನ ಮದುವೆಯ ಕತೆ ಇಷ್ಟೇ.

ಅಪ್ಪನದು ಉಕ್ಕಿನ ಬೀರು, ಲಾಕರು, ರ‍್ಯಾಕು ಮಾಡುವ ವರ್ಕ್‌ಶಾಪು. ತಗಡು ಕತ್ತರಿಸಿ, ಮಡಿಸಿ, ವೆಲ್ಡಿಂಗ್ ಮಾಡಿ, ಬಣ್ಣ ಹೊಡೆದು ಆಫೀಸುಗಳಿಗೆ ಕಳಿಸುವ ಕೆಲಸ. ದೊಡ್ಡ ಕಂಪನಿಯೊಂದು ಮಾತುಕತೆಗೆ ಕರೆದಾಗ ಅವರ ಹತ್ತಿರ ಗ್ರೀಸು ಮೆತ್ತದ ಒಂದು ಅಂಗಿಯೂ ಇರಲಿಲ್ಲ. ಗಂಡಸರ ಬಟ್ಟೆಯಂಗಡಿಗೆ ಹೋದರು. ಅಲ್ಲಿನ ಸೇಲ್ಸ್‌ಮನ್ ಅವರ ಭುಜ ಅಳೆದು, ತೋಳು ಅಳೆದು, ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಪ್ಯಾಂಟಿನ ಅಂಚು ಮಡಿಸಿ, ಈ ಕೋಟು ಹಾಕಿಕೊಂಡರೆ ಅರ್ಧ ಕೆಲಸ ಆದ ಹಾಗೇ ಎಂದನಂತೆ. ಕೆಲಸ ಪೂರ್ತಿಯೇ ಆಯಿತು. ಅಪ್ಪ ನೆಟ್ಟಗೆ ಅಂಗಡಿಗೆ ವಾಪಸು ಹೋಗಿ, ನಮ್ಮಲ್ಲಿಗೆ ಬಂದುಬಿಡು ಎಂದು ಅವನನ್ನು ಕರೆದರು. ಮೊದಲು ಕೆಲಸಕ್ಕೆ, ಆಮೇಲೆ ಮನೆಗೆ.

ಅಕ್ಕ ಎಂದು ಕರೆಯುತ್ತಿದ್ದದ್ದು ತಮ್ಮನೊಬ್ಬನೇ ಅಲ್ಲ, ವರ್ಕ್‌ಶಾಪಿನ ವೆಲ್ಡರನಿಂದ ಹಿಡಿದು ಬಣ್ಣ ಹೊಡೆಯುವವರವರೆಗೆ ಎಲ್ಲರೂ. ಅಪ್ಪ ತೀರಿಕೊಂಡ ಮೇಲೆ ಯಾವ ತಗಡು ತರಬೇಕು, ಯಾವ ಆರ್ಡರು ಬಿಡಬೇಕು, ಎಲ್ಲವೂ ಅವಳ ಮೇಲೆ ಬಿತ್ತು. ಗಂಡನ ಮೇಲೆ ಬಿದ್ದದ್ದು ಬರೀ ಇಸ್ತ್ರಿ. ಬೂದು ಸೂಟು, ಬಿಳಿ ಅಂಗಿ, ಕೋಟಿನ ತೋಳಿನಿಂದ ಅರ್ಧ ಬೆರಳಷ್ಟು ಇಣುಕುವ ಅಂಗಿಯ ಪಟ್ಟಿ, ಕೋಟಿನ ಕೆಳಗಿನ ಗುಂಡಿ ಯಾವತ್ತೂ ಬಿಚ್ಚಿಯೇ ಇರಬೇಕು. ಕನ್ನಡಿಯ ಮುಂದೆ ನಿಂತು ಟೈ ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಆಮೇಲೆ ಹೋಗಿ ದೊಡ್ಡವರ ಕೈ ಕುಲುಕಿ, ಅಕ್ಕ ಮೊದಲೇ ಫೋನಿನಲ್ಲಿ ಮುಗಿಸಿಟ್ಟ ವ್ಯವಹಾರಕ್ಕೆ ಹಲ್ಲು ಕಿರಿದು ಬರುವುದು. ವರ್ಕ್‌ಶಾಪಿನವರು ಅವನಿಗೆ ‘ಶೋಕೇಸು’ ಎಂದು ಹೆಸರಿಟ್ಟಿದ್ದರು. ಅಕ್ಕ ಆ ಹೆಸರನ್ನು ಕೇಳಿಯೂ ಕೇಳದ ಹಾಗಿದ್ದಳು, ಒಳಗೊಳಗೇ ಖುಷಿಪಟ್ಟಿದ್ದಳು.

ಸಿಟ್ಟು ಮಾಡಿಕೊಳ್ಳುವಷ್ಟು ಮಹತ್ವವನ್ನೂ ಅವಳು ಗಂಡನಿಗೆ ಕೊಟ್ಟಿರಲಿಲ್ಲ. ಅವನು ಕೋಟಿನ ಭುಜ ಬ್ರಷ್ ಮಾಡುವಾಗ ಅವಳು ಕೋಣೆಯಿಂದ ಎದ್ದು ಹೋಗುತ್ತಿದ್ದಳು. ತನ್ನ ಮುಖ ನೋಡಿ ಆರ್ಡರು ಕೊಡುತ್ತಾರೆಂದು ನಂಬಿಕೊಂಡಿದ್ದಾನಲ್ಲ, ಪಾಪದವನು, ಎಂದು ತಮ್ಮನ ಹತ್ತಿರ ಹೇಳಿ ಮೂಗು ಮುರಿಯುತ್ತಿದ್ದಳು. ವರ್ಕ್‌ಶಾಪಿನ ಲಾರಿ ಓಡಿಸುತ್ತಿದ್ದ ತಮ್ಮ, ಭಾವನ ವಿಷಯಕ್ಕೆ ನಾನು ಬರಲ್ಲಪ್ಪ ಎಂದು ಜಾರಿಕೊಳ್ಳುತ್ತಿದ್ದ.

ಹೊಸದಾಗಿ ಕಟ್ಟಿದ ಆಸ್ಪತ್ರೆಯೊಂದಕ್ಕೆ ನರ್ಸುಗಳ ಲಾಕರು, ಔಷಧಿ ಕೋಣೆಯ ರ‍್ಯಾಕು ಎಲ್ಲ ಬೇಕಾಗಿತ್ತು. ವರ್ಕ್‌ಶಾಪಿಗೆ ಒಂದು ವರ್ಷ ಉಸಿರಾಡಲು ಸಾಕಾಗುವ ಆರ್ಡರು. ಮಾತುಕತೆಯ ಹಿಂದಿನ ದಿನ ಶೋಕೇಸು ಹೊಸ ಶೂ ಹಾಕಿಕೊಂಡು ಮನೆಯ ಮೆಟ್ಟಿಲಿಳಿದ. ರಬ್ಬರಿನ ಅಟ್ಟೆಯ ಶೂ ಹಾಕುವವರನ್ನು ಕಂಡರೆ ಅವನಿಗಾಗದು, ಅವನದು ಅಪ್ಪಟ ತೊಗಲಿನ ಅಟ್ಟೆ. ಆಗಷ್ಟೇ ಒರೆಸಿದ್ದ ಮೆಟ್ಟಿಲ ಮೇಲೆ ಅದು ಜಾರಿತು. ಕಾಲಿಗೆ ಪ್ಲಾಸ್ಟರ್ ಬಿತ್ತು. ಆಂಬ್ಯುಲೆನ್ಸಿನಲ್ಲಿ ಮಲಗಿದವನು ಪ್ಯಾಂಟು ಕತ್ತರಿಸಬೇಡಿ ಎಂದು ಗೋಗರೆದದ್ದನ್ನು ಅಕ್ಕ ಮರೆಯುವಂತೆಯೇ ಇರಲಿಲ್ಲ.

ಮರುದಿನ ಅವಳೊಬ್ಬಳೇ ಹೋದಳು. ಒಗೆದು ಮಡಿಸಿಟ್ಟ ಒಳ್ಳೆಯ ಬಟ್ಟೆಯನ್ನೇ ಉಟ್ಟಿದ್ದಳು, ಲಾಕರಿನ ಒಂದು ಬಾಗಿಲನ್ನು ಮಾದರಿಗೆಂದು ಹೊತ್ತು ತಂದಿದ್ದಳು. ತುಕ್ಕು ಹಿಡಿಯದ ಬಣ್ಣ, ಕೈಗೆ ತಾಗದಂತೆ ಮಡಿಸಿದ ಅಂಚು, ಸದ್ದಿಲ್ಲದೆ ಮುಚ್ಚುವ ಬಾಗಿಲು, ಒಂದೊಂದನ್ನೂ ತೋರಿಸಿದಳು. ಆಸ್ಪತ್ರೆಯ ಖರೀದಿ ಅಧಿಕಾರಿ ಫೋನು ನೋಡುತ್ತಲೇ ಕೇಳಿಸಿಕೊಂಡು, ಕೊನೆಗೆ ಅವಳ ಹಿಂದಿನ ಬಾಗಿಲತ್ತ ಕಣ್ಣು ಹಾಯಿಸಿದ.

“ಸಾಹೇಬ್ರು ಬರಲಿಲ್ವಾ?”

ಕಾಲು ಮುರಿದಿದೆ ಎಂದಳು.

“ಅಯ್ಯೋ ಪಾಪ. ಗುರುವಾರ ಮತ್ತೆ ಕೂತ್ಕೊಳ್ಳೋಣ. ನಿಮ್ಮ ಕಡೆ ಜವಾಬ್ದಾರಿ ಇರೋರು ಇನ್ಯಾರಾದ್ರೂ ಇರ್ತಾರಲ್ಲ, ಅವ್ರನ್ನ ಕಳ್ಸಿ.”

ಲಾಕರಿನ ಬಾಗಿಲನ್ನು ಕಂಕುಳಲ್ಲಿ ಹಿಡಿದು ಹೊರಬಿದ್ದ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನ ಕಾಲದಿಂದ ಆ ವರ್ಕ್‌ಶಾಪಿನ ಒಂದೊಂದು ಮೊಳೆಯನ್ನೂ ಬಲ್ಲವಳು ತಾನು. ಜವಾಬ್ದಾರಿ ಇರುವವರು ಬೇಕಂತೆ. ದಾರಿಯುದ್ದಕ್ಕೂ ಬೈದುಕೊಂಡೇ ಮನೆಗೆ ಬಂದಳು. ಮನೆ ಸೇರುವಷ್ಟರಲ್ಲಿ ಬೈಗುಳ ಮುಗಿದು ಯೋಚನೆ ಶುರುವಾಗಿತ್ತು. ಆ ಅಧಿಕಾರಿಗೆ ಬೇಕಾದದ್ದು ಸೂಟು ತಾನೆ? ಸೂಟನ್ನೇ ಕಳಿಸೋಣ.

ಗುರುವಾರ ಬೆಳಿಗ್ಗೆ ಗಂಡ ಮಾತ್ರೆ ನುಂಗಿ ಮಲಗಿದ್ದಾಗ ಅವಳು ಬೀರುವಿನಿಂದ ಬೂದು ಸೂಟು ತೆಗೆದು ತಮ್ಮನ ಮುಂದೆ ಹಿಡಿದಳು. ಭುಜ ಸರಿಹೊಂದಿತು. ಸೊಂಟಕ್ಕೆ ಪಿನ್ನು ಬೇಕಾಯಿತು. ಟೈ ಮಾತ್ರ ಇಬ್ಬರ ಕೈಲೂ ಆಗದೆ, ಪಕ್ಕದ ಮನೆಯ ಬ್ಯಾಂಕಿನವರು ಗಂಟು ಹಾಕಿಕೊಟ್ಟರು.

“ಭಾವಂಗೆ ಗೊತ್ತಾದ್ರೆ?” ಎಂದ ತಮ್ಮ.

“ಗೊತ್ತಾಗ್ಲಿ ಅಂತ್ಲೇ ಮಾಡ್ತಿರೋದು. ನೀನು ಬಾಯಿ ಬಿಡ್ಬೇಡ. ಏನಾದ್ರೂ ಕೇಳಿದ್ರೆ ಸ್ವಲ್ಪ ಹೊತ್ತು ಸುಮ್ನಿದ್ದು ನನ್ನ ಕಡೆ ನೋಡು.”

ತಮ್ಮ ಅಷ್ಟೇ ಮಾಡಿದ. ಖರೀದಿ ಅಧಿಕಾರಿ ಎದ್ದು ನಿಂತು ಕೈ ಕೊಟ್ಟ, ಕಾಫಿ ತರಿಸಿದ. ಪ್ರಶ್ನೆಗಳನ್ನೆಲ್ಲ ತಮ್ಮನಿಗೆ ಕೇಳಿದ, ಉತ್ತರಗಳನ್ನೆಲ್ಲ ಅಕ್ಕ ಹೇಳಿದಳು, ಅವನು ತಮ್ಮನನ್ನು ನೋಡಿ ತಲೆಯಾಡಿಸಿದ. ಮೊನ್ನೆ ಅವಳು ಹೇಳಿದ್ದನ್ನೇ ಈಗ ಮೊದಲ ಸಲ ಕೇಳಿದವನಂತೆ ಮೆಚ್ಚಿಕೊಂಡ. ಕತ್ತು ತುರಿಸಿ ತುರಿಸಿ ಕೆಂಪಗಾಗಿದ್ದ ತಮ್ಮ, ತಡೆಯಲಾರದೆ ಒಮ್ಮೆ ಕಾಲರಿನೊಳಗೆ ಬೆರಳು ಹಾಕಿ ದೀರ್ಘವಾಗಿ ಉಸಿರುಬಿಟ್ಟ. ದರ ಹಿಡಿಸಲಿಲ್ಲವೇನೋ ಎಂದುಕೊಂಡು ಅಧಿಕಾರಿ ತಾನಾಗಿಯೇ ಚೌಕಾಸಿ ನಿಲ್ಲಿಸಿದ. ಆರ್ಡರಿಗೆ ಸಹಿ ಬಿತ್ತು. ಬಾಗಿಲವರೆಗೆ ಬಂದು ಅಕ್ಕನ ಕಿವಿಯಲ್ಲಿ, “ತುಂಬಾ ತೂಕದ ಮನುಷ್ಯ ಇವ್ರು” ಎಂದ.

ಆ ಅಧಿಕಾರಿಯ ಮೇಲಿನ ಅಸಹ್ಯಕ್ಕಿಂತ ಗಂಡನಿಗೆ ಇದನ್ನು ಹೇಳುವ ಆತುರವೇ ಅಕ್ಕನಿಗೆ ಹೆಚ್ಚಾಗಿತ್ತು. ಸೂಟು ಬಿಚ್ಚಲೂ ಬಿಡದೆ ತಮ್ಮನನ್ನು ಹಾಗೆಯೇ ಎಳೆದುಕೊಂಡು ಹೋಗಿ ಮಂಚದ ಮುಂದೆ ನಿಲ್ಲಿಸಿದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತನ್ನೂ ಸೇರಿಸಿದಳು. “ಅವ್ರು ನಿಮ್ಮ ಮುಖಾನೇ ನೋಡಿಲ್ಲ, ಯಾವತ್ತೂ ನೋಡಿಲ್ಲ. ಆ ಬಟ್ಟೆ ಒಳಗೆ ಯಾರಿದ್ರೂ ಅವ್ರಿಗೆ ಒಂದೇ.”

ಅವನ ಮುಖ ಸಣ್ಣದಾಗುತ್ತದೆ ಎಂದು ಕಾದಳು. ಅವನು ಭಾವಮೈದುನನ ಸೊಂಟದ ಪಿನ್ನು ನೋಡಿ ಒಂದು ಕ್ಷಣ ಕಣ್ಣು ಮುಚ್ಚಿದ, ಅಷ್ಟೇ.

“ಇದು ನಿಂಗೆ ಇವತ್ತು ಗೊತ್ತಾಯ್ತಾ?” ಎಂದ. “ನಾನು ಅಂಗ್ಡೀಲಿ ಗೊಂಬೆಗೆ ಸೂಟು ಹಾಕಿ ಮಾರ್ತಿದ್ದೋನು ಕಣೇ. ಇಂಥೋರ ಪ್ಯಾಂಟಿನ ಅಂಚು ಮಡಿಸ್ತಾ ಅವ್ರ ಕಾಲ ಹತ್ರ ಕೂತಿರ್ತಿದ್ದೆ. ಒಬ್ಬನೂ ಬಗ್ಗಿ ನನ್ನ ಮುಖ ನೋಡ್ಲಿಲ್ಲ. ಆಮೇಲೆ ಅದೇ ಸೂಟು ನಾನು ಹಾಕ್ಕೊಂಡು ಹೋದಾಗ ಎದ್ದು ಕುರ್ಚಿ ಕೊಟ್ರು. ಅವ್ರನ್ನ ಕಂಡ್ರೆ ನಂಗಿರೋ ಹೇಸಿಗೆ ಮುಂದೆ ನಿಂದೇನೂ ಇಲ್ಲ.”

ಅಕ್ಕ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಮತ್ತೆ ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ ಎಂದಳು. ನೀನು ಕೇಳಿದ್ದಾದರೂ ಯಾವಾಗ, ನಾನು ಬ್ರಷ್ ತೆಗೆದರೆ ಸಾಕು ಎದ್ದು ಹೋಗುತ್ತಿದ್ದೆಯಲ್ಲ ಎಂದ ಅವನು. ತಮ್ಮ ಮೆಲ್ಲಗೆ ಕೋಟು ಬಿಚ್ಚಿ ಕುರ್ಚಿಯ ಮೇಲೆಸೆದು, ಭಾವನ ಕಣ್ಣಿಗೆ ಬಿದ್ದದ್ದು ಕಂಡು ಮತ್ತೆ ಎತ್ತಿ ಹ್ಯಾಂಗರಿಗೆ ಹಾಕಿದ.

ಪ್ಲಾಸ್ಟರ್ ತೆಗೆಯುವವರೆಗೆ ಗಂಡ ಹೆಂಡತಿ ದಿನಾ ಸಂಜೆ ಕೂತು ತಮ್ಮ ಗಿರಾಕಿಗಳ ಮಾನ ಹರಾಜು ಹಾಕಿದರು. ಹೊಟ್ಟೆಯ ಮೇಲೆ ಸೊಟ್ಟಗೆ ಬೀಳುವ ಟೈಯವನು, ಹೊಸ ಕೋಟಿನ ತೋಳಿನ ಲೇಬಲ್ಲನ್ನೂ ಕೀಳದೆ ಮೆರೆಯುವವನು, ಯಾರನ್ನೂ ಅವನು ಬಿಡಲಿಲ್ಲ. ಅಕ್ಕನಿಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವಂತಾಗುತ್ತಿತ್ತು. ಮದುವೆಯಾದಾಗಿನಿಂದ ಅವರಿಬ್ಬರೂ ಒಟ್ಟಿಗೆ ಅಷ್ಟು ಹೊತ್ತು ಕೂತದ್ದೇ ಇರಲಿಲ್ಲ.

ಕಾಲು ಸರಿಹೋದ ಮೇಲೆ ಇಬ್ಬರೂ ಜೊತೆಯಾಗಿಯೇ ಮಾತುಕತೆಗೆ ಹೋಗತೊಡಗಿದರು. ಕೈ ಕುಲುಕಿದ ಮೇಲೆ ಅವನು ಕೋಟಿನ ಗುಂಡಿ ಬಿಚ್ಚಿ ಕೂರುತ್ತಿದ್ದ. ಏನು ಕೇಳಿದರೂ, “ಯಜಮಾನ್ರು ಅವ್ರು, ಅವ್ರನ್ನೇ ಕೇಳಿ” ಎಂದು ಹೆಂಡತಿಯತ್ತ ಕೈ ತೋರಿಸಿ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಎದುರಿಗಿದ್ದವರು ಪೆಚ್ಚಾಗಿ, ಬೇರೆ ದಾರಿಯಿಲ್ಲದೆ, ಕುರ್ಚಿಯನ್ನು ಅಕ್ಕನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಹಾಗೆ ತಿರುಗಿಸಿಕೊಂಡವರನ್ನು ಅವಳು ಒಂದು ಗಳಿಗೆ ಸುಮ್ಮನೆ ಕಾಯಿಸುತ್ತಿದ್ದಳು. ಆಮೇಲೆ ದರ ಹೇಳುತ್ತಿದ್ದಳು.