ಆರರಿಂದ ಏಳರವರೆಗೆ ನನ್ನ ಮಗಳು

ಪಕ್ಕದ ಮನೆಯ ಅಜ್ಜಿಯ ಬಲಗೈಯ ತೋರುಬೆರಳು ಗಂಟುಗಟ್ಟಿ ಹೆಬ್ಬೆರಳಿನ ಕಡೆ ವಾಲಿಕೊಂಡಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲೂ ಒದ್ದಾಡುತ್ತಿದ್ದ ಆ ಬೆರಳಿನಿಂದ, ಶನಿವಾರ ಸಂಜೆ ಐದಾಯಿತೆಂದರೆ, ಗಾಳಿಯಲ್ಲಿ ಏನನ್ನೋ ನಾಜೂಕಾಗಿ ತಿರುಗಿಸುತ್ತಿದ್ದರು. ಎದುರಿಗಿದ್ದದ್ದು ಖಾಲಿ ಗೋಡೆ. ಪಕ್ಕದಲ್ಲಿ ಕಾಲು ಮಡಿಸಿ ಕೂತ ನನ್ನ ಮಗಳು ಆ ಗೋಡೆಯನ್ನೇ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. "ತಾಳು ಬ್ಯಾಬ್, ಟಿವಿ ಇನ್ನೂ ಬಿಸಿಯಾಗಬೇಕು," ಎನ್ನುತ್ತಿದ್ದರು. ಬರ್ಮಿಂಗ್‌ಹ್ಯಾಮ್‌ನವರಿಗೆ ಮುದ್ದಿನವರೆಲ್ಲ ಬ್ಯಾಬ್.

ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನಲ್ಲಿ ಅವರದೂ ನಮ್ಮದೂ ಒಂದೇ ಗೋಡೆ ಹಂಚಿಕೊಂಡ ಮನೆಗಳು. ಎಂಬತ್ತು ದಾಟಿದ ಇಂಗ್ಲಿಷ್ ಅಜ್ಜಿ, ಒಂಟಿ. ನನ್ನ ಆಸ್ಪತ್ರೆಯ ಪಾಳಿಯ ರೋಟಾದಲ್ಲಿ ಶನಿವಾರಗಳು ಸಿಕ್ಕಿಬಿದ್ದಾಗ ಮಗಳನ್ನು ನೋಡಿಕೊಳ್ಳಲು ಅವರಾಗಿಯೇ ಮುಂದೆ ಬಂದರು. ಆಮೇಲೆ ರೋಟಾ ಬದಲಾಯಿತು. ಶನಿವಾರ ನಾನು ಮನೆಯಲ್ಲಿ ಉಳಿಯತೊಡಗಿದೆ, ಮಗಳು ಉಳಿಯಲಿಲ್ಲ. ಅವರನ್ನು ನ್ಯಾನ್ ಎನ್ನುತ್ತಿದ್ದಳು, ಇಲ್ಲಿನ ಮಕ್ಕಳು ಅಜ್ಜಿಯನ್ನು ಕರೆಯುವ ಹಾಗೆ. ಮೈಸೂರಿನ ಸ್ವಂತ ಅಜ್ಜಿಗೆ ವಿಡಿಯೊ ಕಾಲ್‌ನಲ್ಲಿ ಕೈ ಬೀಸಿದರೆ ಮುಗಿಯಿತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ, ಅದೂ ಒಂದೇ ಪದ. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ಕರೆಯಲು ಹೋಗಿ ಬಾಗಿಲಲ್ಲೇ ನಿಂತು ನೋಡಿದೆ. ಪರದೆ ಎಳೆದು ಕತ್ತಲು ಮಾಡಿದ್ದರು. ಅವರು ಚಿಕ್ಕವರಿದ್ದಾಗ ಇಡೀ ಬೀದಿಗೆ ಟಿವಿ ಇದ್ದದ್ದು ಮಾಂಸದಂಗಡಿಯವನ ಮನೆಯಲ್ಲಂತೆ. ಜನ ತಂತಮ್ಮ ಕುರ್ಚಿ ಹೊತ್ತುಕೊಂಡು ಬರುತ್ತಿದ್ದರಂತೆ. ಆ ಸಂಜೆಯನ್ನೇ ಇವರಿಬ್ಬರೂ ಆಡುತ್ತಿದ್ದರು. ಅಜ್ಜಿ ಕತ್ತು ನೆಟ್ಟಗೆ ಮಾಡಿ, ಉದ್ದನೆಯ ಗೌನು ತೊಟ್ಟ ಉದ್ಘೋಷಕಿಯಾಗಿ "ಶುಭ ಸಂಜೆ" ಎಂದರೆ, ನನ್ನ ಮಗಳು ತಲೆಗೂದಲು ಸರಿಮಾಡಿಕೊಂಡು ಗೋಡೆಗೆ ಮರುವಂದನೆ ಹೇಳುತ್ತಿದ್ದಳು. ಪೆಟ್ಟಿಗೆಯೊಳಗಿನ ಆ ಹೆಂಗಸಿಗೆ ತಾವೆಲ್ಲ ಕಾಣುತ್ತೇವೆಂದು ಆಗ ಈ ಅಜ್ಜಿಯ ಅಜ್ಜಿ ನಂಬಿದ್ದರಂತೆ. ಮಗಳದು ಆ ಹಿರಿಯಜ್ಜಿಯ ಪಾತ್ರ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಸಿದ್ಧವಾಗುವವರೆಗೆ ತೆರೆಯ ಮೇಲೆ ಯಾರೋ ಸುಮ್ಮನೆ ಮಡಕೆ ಮಾಡುವುದನ್ನು ತೋರಿಸುತ್ತಿದ್ದರಂತೆ. ಅದಕ್ಕೆ ಅವರು ಇಲ್ಲದ ಮಣ್ಣನ್ನು ತಿದ್ದಿದರು, ಮಗಳು ಪಿಟಕ್ಕೆನ್ನದೆ ನೋಡಿದಳು. ಊಟದ ಮುಂದೆ ಎರಡು ನಿಮಿಷ ಕೂರದ ಹುಡುಗಿ!

ಆರಕ್ಕೆ ಸರಿಯಾಗಿ ಅವರು ಟಿವಿ ಆರಿಸುತ್ತಿದ್ದರು. ಆಗಿನ ಕಾಲದಲ್ಲಿ ಆರರಿಂದ ಏಳರವರೆಗೆ ಪ್ರಸಾರವೇ ನಿಲ್ಲುತ್ತಿತ್ತಂತೆ, ತಾಯಂದಿರು ಚಿಕ್ಕ ಮಕ್ಕಳನ್ನು ಮಲಗಿಸಿಕೊಳ್ಳಲಿ ಎಂದು. ಅವರ ಮನೆಯಲ್ಲೂ ಅದೇ ಕಟ್ಟಳೆ. "ಈಗ ಅಮ್ಮನ ಹೊತ್ತು, ನಡಿ," ಎಂದು ಮಗಳನ್ನು ಕಳಿಸಿಬಿಡುತ್ತಿದ್ದರು. ನನ್ನ ಮಗಳನ್ನು ನನಗೇ ಒಂದು ಗಂಟೆ ದಯಪಾಲಿಸಿದ ಹಾಗೆ! ಅವಳೋ ಯಾವಾಗ ಏಳಾದೀತು, ಮತ್ತೆ ಅಲ್ಲಿಗೆ ಓಡೇನು ಎಂದು ಗಡಿಯಾರ ನೋಡುತ್ತಾ ಸೋಫಾದ ಅಂಚಿನಲ್ಲಿ ಕೂರುತ್ತಿದ್ದಳು.

ಒಂದು ದಿನ ಬಂದವಳೇ, ನಿಮ್ಮೂರಲ್ಲಿ ಟಿವಿ ಹೇಗಿತ್ತು ಎಂದು ಕೇಳಿದಳು. ಇಂಗ್ಲಿಷಿನಲ್ಲೇ ಕೇಳಿದರೂ ನಾನು ಕರಗಿಹೋದೆ. ಭಾನುವಾರದ ಸಿನಿಮಾಕ್ಕೆ ಓಣಿಯವರೆಲ್ಲ ನಮ್ಮ ನಡುಮನೆಯಲ್ಲಿ ಕೂರುತ್ತಿದ್ದದ್ದು, ಚಿತ್ರ ಅಲುಗಿದಾಗ ಅಪ್ಪ ತಾರಸಿ ಹತ್ತಿ ಆಂಟೆನಾ ತಿರುಗಿಸುತ್ತಾ "ಬಂತಾ? ಬಂತಾ?" ಎಂದು ಕೂಗುತ್ತಿದ್ದದ್ದು, ನಾವು ಕೆಳಗಿನಿಂದ "ಬಂತು, ಬಂತು! ಅಯ್ಯೋ, ಹೋಯ್ತು!" ಎಂದು ಕಿರುಚುತ್ತಿದ್ದದ್ದು, ಎಲ್ಲ ಹೇಳಿದೆ. ಮಗಳು ಬಿದ್ದು ಬಿದ್ದು ನಕ್ಕಳು. ಅಷ್ಟರಲ್ಲಿ ಏಳಾಯಿತು. ಮಾತಿನ ನಡುವೆಯೇ ಎದ್ದು ಓಡಿದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಕೇಳಿಸಿತು, "ಬಂತಾ? ಬಂತಾ?" ಅದರ ಹಿಂದೆಯೇ ಒಂದು ಮುದಿ ಇಂಗ್ಲಿಷ್ ದನಿ, "ಬಂಟು, ಬಂಟು!"

ನನಗೆ ಒಂದು ಕನ್ನಡ ಪದ ಕೊಡದವಳು ಅಲ್ಲಿ ಪಾಠ ಹೇಳುತ್ತಿದ್ದಳು. ನನ್ನ ಅಪ್ಪನನ್ನೂ ಎತ್ತಿಕೊಂಡು ಹೋಗಿ ಆ ಮನೆಗೆ ಕೊಟ್ಟುಬಿಟ್ಟಿದ್ದಳು. ಮರುದಿನ ಬೇಲಿಯ ಬಳಿ ಅವರು ಸಿಕ್ಕಾಗ ತಡೆಯಲಾಗಲಿಲ್ಲ. ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು ನೇರವಾಗಿ ಹೇಳಿಬಿಟ್ಟೆ. ಅವರು ನಗಲಿಲ್ಲ.

"ಇರಲೇಬೇಕಲ್ಲ," ಎಂದರು. "ನನಗೂ ಇದೆ. ಎಷ್ಟು ಆಡಿದರೂ ಕೊನೆಗೆ ಅವಳು ಮಲಗೋದು ನಿನ್ನ ಮನೆಯಲ್ಲೇ. ನಿನ್ನ ಅಪ್ಪ ಬಿದ್ದುಗಿದ್ದಾರು, ಆ ತಾರಸಿಗೆ ಕಟ್ಟೆ ಇತ್ತಾ? ಕೇಳಿದೆ, ಅವಳಿಗೆ ಗೊತ್ತಿಲ್ಲವಂತೆ. ಮುಂದಿನ ವಾರ ಅವಳಿಗೆ ಹೇಳಿ ಕಳಿಸು."

ಹೇಳಿ ಕಳಿಸಿದೆ. ಆಮೇಲೆ ಪ್ರತಿ ವಾರವೂ ಅವರಿಂದ ಒಂದು ಪ್ರಶ್ನೆ ಬರುತ್ತಿತ್ತು, ನನ್ನಿಂದ ಒಂದು ಕತೆ ಹೋಗುತ್ತಿತ್ತು. ನನ್ನ ಬಾಲ್ಯವನ್ನು ಮಗಳು ಕೇಳಿಸಿಕೊಂಡದ್ದು ಹಾಗೆ, ಪಕ್ಕದ ಮನೆಗೆ ಮುಟ್ಟಿಸುವ ಸಲುವಾಗಿ.

ಕಳೆದ ಚಳಿಗಾಲ ಅವರು ನ್ಯುಮೋನಿಯಾದಿಂದ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಮಗಳು ಮೂಲೆಯ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಅತ್ತ ರೀತಿ ನೋಡಿ, ನಾನು ಸತ್ತರೆ ಇವಳು ಹೀಗೆ ಅತ್ತಾಳೇ ಎಂದು ಚರ್ಚಿನಲ್ಲೇ ಯೋಚಿಸಿದೆ. ನನ್ನ ಬುದ್ಧಿಯೇ ಅಂಥದ್ದು.

ಮುಂದಿನ ಶನಿವಾರ ಆರಕ್ಕೆ ಸರಿಯಾಗಿ ಮಗಳು ಬಂದು ನನ್ನ ಪಕ್ಕ ಕೂತಳು. ಏನೂ ಕೇಳಲಿಲ್ಲ. ನಾನೇ ಶುರು ಮಾಡಿದೆ, ಕರೆಂಟು ಹೋಗಿ ಸಿನಿಮಾದ ಕೊನೆ ತಪ್ಪಿದ ಸಂಜೆ ಓಣಿಯವರೆಲ್ಲ ತಲೆಗೊಂದು ಕೊನೆ ಕಟ್ಟಿಕೊಂಡು ಜಗಳವಾಡಿದ್ದನ್ನು ಹೇಳಿದೆ. ಏಳು ದಾಟಿತು. ಅವಳು ಏಳಲಿಲ್ಲ. "ನ್ಯಾನ್ ವುಡ್ ಲವ್ ದಿಸ್," ಎಂದಳು ಮೆಲ್ಲಗೆ. ಈಗಲೂ ಅವರಿಗೇ! ಸತ್ತವರ ಮೇಲೂ ಹೊಟ್ಟೆಕಿಚ್ಚು ಬರುತ್ತದೆ, ನನಗೆ ಬಂತು.

"ಹೌದು ಪುಟ್ಟಿ, ತುಂಬಾ ಇಷ್ಟಪಡ್ತಿದ್ರು," ಎಂದೆ.

ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. "ಆಮೇಲೆ ಏನಾಯ್ತಮ್ಮ?" ಎಂದು ಕೇಳಿದಳು, ಕನ್ನಡದಲ್ಲಿ.