ಅಪ್ಪಿಯಕ್ಕನ ಪಟ್ಟಿ

ಮೊಗ್ರಾಲಿನಲ್ಲಿ ಚಿಕ್ಕ ಮಕ್ಕಳು ಫುಟ್‌ಬಾಲ್ ಕಲಿಯುವ ಮೈದಾನದ ಪಕ್ಕ ಅಪ್ಪಿಯಕ್ಕ ಒಬ್ಬರೇ ಇರುವ ಮನೆಯುಂಟು. ಅದರ ಜಗಲಿಯೇ ನಮ್ಮ ಆಸ್ಪತ್ರೆ. ಮಗು ಎಡವುವ ಮೊದಲೇ ಅವರು ಅರಸಿನ, ತೆಂಗಿನೆಣ್ಣೆ, ಹಳೆ ಸೀರೆಯ ಪಟ್ಟಿ ಹಿಡಿದು ಓಡುತ್ತಾರೆ. "ಬಾಲಿನ ಒಳಗೆ ಎಂತ ಲಡ್ಡು ಉಂಟಾ, ಹಾಗೆ ಬಿದ್ದು ಓಡ್ಲಿಕ್ಕೆ? ಎಲುಬು ಇನ್ನೂ ಎಳತು ಮಾರಾಯ" ಎಂದು ಬೈಯುತ್ತಲೇ ಗಾಯ ತೊಳೆಯುತ್ತಾರೆ. ಕಟ್ಟು ಹಾಕಿ, ಬಿಚ್ಚಿ, ಮತ್ತೆ ಹಾಕಿ ಮುಗಿಸುವಷ್ಟರಲ್ಲಿ ಆಟವೇ ಮುಗಿದಿರುತ್ತದೆ. ನನ್ನಂಥ ಪುಕ್ಕಲು ತಾಯಂದಿರಿಗೆ ಅವರೇ ಧೈರ್ಯ. ನಿನ್ನೆ ನನ್ನ ಮಗ ವಿಜೇತ್ ಮೊಣಕಾಲಿಗೆ ದಪ್ಪನೆಯ ಪಟ್ಟಿ ಕಟ್ಟಿಸಿಕೊಂಡು ಬಂದ. ಅಲ್ಲೇ ಕೂರಿಸಿ ಬಿಚ್ಚಿ ನೋಡಿದೆ. ಒಂದು ಗೀರೂ ಇರಲಿಲ್ಲ. "ಇವತ್ತು ಯಾರೂ ಬೀಳ್ಲಿಲ್ಲಮ್ಮ" ಎಂದ. "ಅಪ್ಪಿಯಕ್ಕ ಎಣ್ಣೆ ಬಿಸಿ ಮಾಡಿ ಕೂತಿದ್ರು. ನಾನೇ ಹೋಗಿ ಕಾಲು ಚಾಚಿದೆ."